ದುಂಡಪ್ಪನವರ ಲಾರಿಗೊಂದು ಗ್ರಾಫಿಕ್ಸ್ ಕಾರ್ಡು

ಮೂವತ್ತೊಂದು ವರ್ಷ ಪುಣೆಯಲ್ಲಿ ಕಂಪ್ಯೂಟರ್ ಬಿಚ್ಚಿದ್ದೇನೆ, ಜೋಡಿಸಿದ್ದೇನೆ. ಬಿಚ್ಚಿದ್ದನ್ನೆಲ್ಲ ಸರಿಯಾಗಿ ಜೋಡಿಸಿದೆ ಎಂದು ಎದೆ ತಟ್ಟಿಕೊಂಡು ಹೇಳಲಾರೆ. ಎರಡು ವರ್ಷದ ಹಿಂದೆ ಹಡಪ್ಸರದ ಅಂಗಡಿ ಮುಚ್ಚಿ ಮನೆಯಲ್ಲಿ ಕೂತೆ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆ ಕಡೆ ಹೋಗಬೇಕಾದಾಗ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತೇನೆ. ಒಳಗೆ ಇಣುಕಿದರೆ ನನ್ನ ಮೇಜು ಕಾಣುವುದಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಫೋನ್ ಮಾಡಿ, ಯಾವ ಕೋರ್ಸ್ ಮಾಡಬೇಕು, ಯಾವ ಸರ್ಟಿಫಿಕೇಟಿಗೆ ಬೆಲೆ ಇದೆ ಎಂದು ಕೇಳುತ್ತಾರೆ. ನನಗೇನು ಗೊತ್ತು? ನನ್ನ ಹತ್ತಿರ ಇದ್ದದ್ದು ರೇಡಿಯೊ, ಟಿವಿ ರಿಪೇರಿ ಕಲಿತ ಒಂದು ಹಾಳೆ. ಅದನ್ನು ಹಿಡಿದುಕೊಂಡು ವಿಜಯಪುರದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ರವಿವಾರ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಕೂತು ಬೇಸರವಾಗಿ, ಒಂದು ದಿನ ಕಂಪ್ಯೂಟರ್ ಅಂಗಡಿಯೊಂದಕ್ಕೆ ನುಗ್ಗಿ ಕೆಲಸ ಕೇಳಿದೆ. ಅಂಗಡಿಯ ಮಾಲೀಕರು ದೇಶಪಾಂಡೆ ಸರ್. ಅವರು ನನ್ನ ಹಾಳೆ ನೋಡಲಿಲ್ಲ. ಸತ್ತು ಬಿದ್ದಿದ್ದ ಒಂದು ಮಷೀನನ್ನು ಮುಂದೆ ತಳ್ಳಿ, ಕೈಗೆ ಸ್ಕ್ರೂ ಡ್ರೈವರ್ ಕೊಟ್ಟು, ಊಟಕ್ಕೆ ಹೋದರು. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಮಷೀನ್ ಬದುಕಿತ್ತು. ಅದು ಹೇಗೆ ಬದುಕಿತೆಂದು ನನಗೇ ಗೊತ್ತಿರಲಿಲ್ಲ. ಆ ಗುಟ್ಟನ್ನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ.

ಆಗ ಸೀರೆ ಉಟ್ಟ ಹೆಂಗಸು ರಿಪೇರಿ ಮೇಜಿನ ಹಿಂದೆ ಕೂತರೆ ಗಿರಾಕಿಗಳಿಗೆ ಕಣ್ಣಿಗೆ ಕಸ ಬಿದ್ದಂತೆ ಆಗುತ್ತಿತ್ತು. "ಮೆಕ್ಯಾನಿಕ್ ಕುಠೆ ಆಹೆ?" ಮೆಕ್ಯಾನಿಕ್ ಎಲ್ಲಿ, ಎಂದು ನನ್ನನ್ನೇ ಕೇಳುತ್ತಿದ್ದರು. ದೇಶಪಾಂಡೆ ಸರ್ ಒಳಗಿನಿಂದ ತಲೆ ಎತ್ತದೆ, "ಹೀಚ್ ಆಹೆ," ಇವಳೇ, ಎನ್ನುತ್ತಿದ್ದರು. ಅಷ್ಟೇ. ನನ್ನ ಪರವಾಗಿ ಅವರು ಭಾಷಣ ಮಾಡಿದ್ದು ಎಂದೂ ಇಲ್ಲ. ಆ ಎರಡು ಶಬ್ದದ ಋಣ ಇಂದಿಗೂ ತೀರಿಲ್ಲ.

ಕೆಲಸದ ರೀತಿಯೂ ಬೇರೆ ಇತ್ತು. ಮಷೀನ್ ಚಾಲೂ ಆಗದಿದ್ದರೆ ಮೊದಲು ರ‍್ಯಾಮ್ ಪಟ್ಟಿ ಕಿತ್ತು, ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ತಿಕ್ಕುತ್ತಿದ್ದೆವು. ಹತ್ತರಲ್ಲಿ ಐದು ರೋಗ ಅಲ್ಲಿಗೇ ವಾಸಿ. ಆದರೆ ಗಿರಾಕಿಯ ಎದುರು ಹಾಗೆ ಮಾಡಲು ಸರ್ ಬಿಡುತ್ತಿರಲಿಲ್ಲ. ರಬ್ಬರ್ ನೋಡಿದರೆ ಯಾರು ತಾನೇ ಕೂಲಿ ಕೊಟ್ಟಾರು? ಹಾಗಾಗಿ ಗೋಡೆಯ ಕಡೆ ಮುಖ ಮಾಡಿ, ಭಾರೀ ಶಸ್ತ್ರಚಿಕಿತ್ಸೆ ನಡೆದಂತೆ ಬೆನ್ನು ಬಾಗಿಸಿ ತಿಕ್ಕುತ್ತಿದ್ದೆ. ನಗು ತಡೆದುಕೊಳ್ಳುವುದೇ ಕಷ್ಟವಾಗುತ್ತಿತ್ತು.

ತಪ್ಪು ಮಾಡಲಿಲ್ಲವೇ? ಬೇಕಾದಷ್ಟು. ಗೇಮ್ ಆಡುವ ಹುಚ್ಚು ಊರಿಗೆ ಬಂದ ಹೊಸದರಲ್ಲಿ ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಬಂದ. ಪರದೆಯ ಮೇಲೆ ಚಿತ್ರ ಬಿಡಿಸುವ ಕೆಲಸವನ್ನು ಮಾತ್ರ ಮಾಡುವ ಬೇರೆ ಹಲಗೆ ಅದು. ಅದಿಲ್ಲದಿದ್ದರೆ ದೊಡ್ಡ ಆಟಗಳು ಓಡುವುದಿಲ್ಲ. ಅವನ ಮಷೀನಿನ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪೆಟ್ಟಿಗೆ, ಅದರ ಮೇಲಿನ ಸ್ಟಿಕರ್ ಓದಿ, ಸಾಕಾಗುತ್ತದೆ ಎಂದುಕೊಂಡು ದೊಡ್ಡ ಕಾರ್ಡನ್ನೇ ಕೂಡಿಸಿದೆ. ಐದು ನಿಮಿಷ ಆಟ ಚೆನ್ನಾಗಿ ಓಡಿತು. ಆರನೆಯ ನಿಮಿಷಕ್ಕೆ ಪಟಾಕಿ ವಾಸನೆ, ಹೊಗೆ. ಗಿರಾಕಿ ಹೋದ ಮೇಲೆ ಸರ್ ಆ ಸುಟ್ಟ ಪೆಟ್ಟಿಗೆಯನ್ನು ನನ್ನ ಅಂಗೈ ಮೇಲಿಟ್ಟರು. ಖಾಲಿ ಡಬ್ಬಿಯಷ್ಟು ಹಗುರ. "ಸ್ಟಿಕರ್ ವಾಚಲಂಸ್, ವಜನ್ ನಾಹೀ ಬಘಿತಲಂಸ್," ಎಂದರು. ಸ್ಟಿಕರ್ ಓದಿದೆ, ತೂಕ ನೋಡಲಿಲ್ಲ. ಒಳಗೆ ತಾಮ್ರವಿದ್ದರೆ ತಾನೇ ತೂಕ ಇರುವುದು! ಅಂದಿನಿಂದ ಯಾವ ಪೆಟ್ಟಿಗೆಯನ್ನೂ ಕೈಯಲ್ಲಿ ತೂಗದೆ ನಂಬಲಿಲ್ಲ.

ಸರ್ ತೀರಿಕೊಂಡ ಮೇಲೆ ನಾನೇ ಹಡಪ್ಸರದಲ್ಲಿ ಸಣ್ಣ ಅಂಗಡಿ ಹಾಕಿದೆ. ಅಷ್ಟರಲ್ಲಿ ಕಾಲ ತಿರುಗಿತ್ತು. ಗಿರಾಕಿಗಳು ವಿಡಿಯೊ ನೋಡಿಕೊಂಡು ಬರತೊಡಗಿದರು. ಯಾವ ಕಾರ್ಡಿಗೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ತಮ್ಮ ಮಷೀನಿನ ಮುಚ್ಚಳ ಮಾತ್ರ ಒಮ್ಮೆಯೂ ತೆಗೆದು ನೋಡಿರುವುದಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಬಂದದ್ದನ್ನು ತೋರಿಸಿಯೂ ಬಿಡುತ್ತಿದ್ದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಸಿಟ್ಟಿನ ಕಾರಣ ಅವರಲ್ಲ. ನನಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿದೆಯಲ್ಲ ಎಂಬ ಉರಿ. ನಿಮಗೂ ಒಂದು ದಿನ ಆ ಉರಿ ಬರುತ್ತದೆ, ಆಗ ನನ್ನನ್ನು ನೆನೆಸಿಕೊಳ್ಳಿ.

ಇಷ್ಟೆಲ್ಲ ಹೇಳಿದ್ದು ದುಂಡಪ್ಪನವರ ವಿಷಯಕ್ಕೆ ಬರಲು.

ಅಂಗಡಿಯ ಕೊನೆಯ ವರ್ಷ, ಶ್ರಾವಣ ಕಳೆದಿತ್ತು. ಒಂದು ಮಧ್ಯಾಹ್ನ ಐವತ್ತೆಂಟರ ಆಸುಪಾಸಿನ ಗಂಡಸು, ತಲೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಕಂಪ್ಯೂಟರ್ ಹೊತ್ತು ಬಂದ. ಹಿಂದೆ ಮಗಳು ರೇಣುಕಾ, ಕೈಯಲ್ಲಿ ಮಾನಿಟರ್. ಅವಳು ಖರಾಡಿಯ ಒಂದು ಆಫೀಸಿನಲ್ಲಿ ಸ್ವಚ್ಛತೆಯ ಕೆಲಸದವಳು. ಆಫೀಸಿನವರು ಹಳೆಯ ಮಷೀನುಗಳನ್ನು ಕೆಲಸದವರಿಗೆ ಹಂಚಿದಾಗ ಇದು ಅವಳ ಪಾಲಿಗೆ ಬಂದಿತ್ತು. ನಾನು ಮರಾಠಿಯಲ್ಲಿ ಮಾತಾಡಿಸಿದೆ. ಅವರು ತಮ್ಮತಮ್ಮಲ್ಲಿ ಆಡಿಕೊಂಡದ್ದು ನಮ್ಮ ಕಡೆಯ ಕನ್ನಡ.

"ಯಾವೂರ್ರಿ ನಿಮ್ಮದು?" ಎಂದೆ.

ಆ ಮನುಷ್ಯನ ಮುಖ ಅರಳಿತು. "ಮುದ್ದೇಬಿಹಾಳ ಕಡೆಯವ್ರು ನಾವು, ಅಕ್ಕಾರ. ದುಂಡಪ್ಪ ಅಂತಾರ್ರಿ ನನಗ. ಇಪ್ಪತ್ತೆಂಟು ವರ್ಷ ಲಾರಿ ಓಡಿಸೀನ್ರಿ. ಸಾಸವಡದಿಂದ ಇಲ್ಲಿ ಮಾರ್ಕೆಟಿಗೆ ಕಾಯಿಪಲ್ಲೆ, ಸೀತಾಫಲ. ನಡುವಿನ ದಿವೆ ಘಾಟ ಅಂದ್ರ ನನಗ ಮನಿ ಅಂಗಳಾ ಇದ್ದಂಗ."

"ಈಗ ಯಾವ ಗಾಡಿ?"

"ಈಗ ಗಾಡಿ ಇಲ್ರಿ. ಕಣ್ಣು ಹೋತು." ಎಡಗಣ್ಣನ್ನು ತೋರಿಸಿದರು. "ಒಳಗ ನರ ಒಣಗತಾವಂತ್ರಿ. ಇದು ಪೂರಾ ಹೋಗೇದ. ಬಲಗಡೀದೂ ಹೊಂಟದ, ಆದ್ರ ಇನ್ನಾ ಕಾಣಸ್ತದ. ಲೈಸನ್ಸ ಕಸಗೊಂಡ್ರು. ಈಗ ವಿಮಾನ ನಗರದಾಗ ಒಂದು ಮಾಲಿನ ಪಾರ್ಕಿಂಗ್‌ನಾಗ ಸೀಟಿ ಊದತೀನಿ. ಮಂದಿ ಗಾಡಿ ಹಿಂದ ತಗಿರಿ, ಮುಂದ ತಗಿರಿ, ಅಂತ."

ಅವರಿಗೆ ಬೇಕಾಗಿದ್ದದ್ದು ಇಷ್ಟು. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಒಂದು ಆಟವಿದೆ. ಸಾಮಾನು ತುಂಬಿಸಿಕೊಂಡು ಊರಿಂದೂರಿಗೆ ಹೋಗುವುದು, ಅಷ್ಟೇ ಆಟ. ಯಾರೋ ಉತ್ಸಾಹಿಗಳು ನಮ್ಮ ಕಡೆಯಂಥ ರಸ್ತೆಗಳನ್ನೂ, ಘಾಟುಗಳನ್ನೂ ಅದಕ್ಕೆ ಸೇರಿಸಿದ್ದಾರೆ. ರೇಣುಕಾ ಅದನ್ನು ತಂದು ಹಾಕಿಕೊಟ್ಟಿದ್ದಳು. ಆದರೆ ಆಫೀಸಿನ ಪತ್ರ ಟೈಪ್ ಮಾಡಲು ಹುಟ್ಟಿದ ಮಷೀನಿಗೆ ಅಷ್ಟು ಚಿತ್ರ ಬಿಡಿಸುವ ಶಕ್ತಿ ಎಲ್ಲಿಂದ ಬರಬೇಕು?

"ರೋಡ್ ಹರದು ಹರದು ಬರ್ತದ್ರಿ ಅಕ್ಕಾರ," ಎಂದರು ದುಂಡಪ್ಪ. "ಒಂದ ಕಣ್ಣಿನವಗ ಹಂಗ ಹರದು ಬಂದ್ರ ತಲಿ ತಿರಗತದ. ಇದ್ದ ಕಣ್ಣಿಗೆ ರೋಡ್ ನೆಟ್ಟಗ ಕಾಣಸೂಹಂಗ ಮಾಡಿಕೊಡ್ರಿ. ಕಾಣೂತನಕ ಓಡಸ್ತೀನಿ."

"ಪರದೆ ನೋಡಿದರೆ ಕಣ್ಣಿಗೆ ಇನ್ನೂ ತ್ರಾಸ ಆಗೂದಿಲ್ಲೇನ್ರಿ?"

"ಡಾಕ್ಟರಿಗೆ ಕೇಳೀವಿ. ನೋಡಿದ್ರ ಕೆಡೂದಿಲ್ಲ, ನೋಡದಿದ್ರ ಉಳಿಯೂದೂ ಇಲ್ಲ, ಅಂದ್ರು."

ಮನಸ್ಸು ಕರಗಿದಾಗ ನಾನು ಜಗಳಗಂಟಿಯಾಗುತ್ತೇನೆ. "ಮೊದಲು ಆ ಗೋಣಿಚೀಲ ತಗೀರಿ, ಧೂಳು ಬೀಳ್ತದ ನನ್ನ ಮೇಜಿನ ಮ್ಯಾಲ," ಎಂದು ಗದರಿದೆ.

ಕಡಿಮೆ ದುಡ್ಡಿನಲ್ಲಿ ಕಾರ್ಡ್ ಹಾಕುವ ಕೆಲಸ ಬಂದಾಗ ಅಂಗಡಿಗೆ ಹೋಗಿ ಬೆಲೆ ಕೇಳಬೇಡಿ. ಮೊದಲು ಮುಚ್ಚಳ ತೆಗೆಯಿರಿ. ನಾನು ತೆಗೆದೆ. ಒಳಗೆ ಧೂಳಿನ ಕಂಬಳಿ. ಬ್ಲೋವರಿನಿಂದ ಊದಿದ ಮೇಲೆ ಮದರ್‌ಬೋರ್ಡ್ ಕಂಡಿತು, ಕಾರ್ಡ್ ಕೂಡಿಸುವ ಉದ್ದನೆಯ ಕಪ್ಪು ಸ್ಲಾಟ್ ಕಂಡಿತು. ಸ್ಲಾಟಿನ ತುದಿಯಲ್ಲಿ ಕಾರ್ಡನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು. ಎಸ್‌ಎಂಪಿಎಸ್ ತೂಗಿ ನೋಡಿದೆ. ಕಂಪನಿಯ ಮಷೀನಾದ್ದರಿಂದ ತೂಕಕ್ಕೆ ಮೋಸವಿಲ್ಲ, ಆದರೆ ಕಾರ್ಡಿಗೆಂದು ಬೇರೆ ವೈರ್ ಇರಲಿಲ್ಲ. ಅಂದರೆ ಸ್ಲಾಟಿನಿಂದಲೇ ಕರೆಂಟ್ ಕುಡಿದು ತೃಪ್ತಿಪಡುವ, ಕಡಿಮೆ ಹಸಿವಿನ ಕಾರ್ಡೇ ಬೇಕು. ಒಂದೇ ರ‍್ಯಾಮ್ ಪಟ್ಟಿ ಇತ್ತು. ಹಳೆಯದೊಂದನ್ನು ನನ್ನ ಡಬ್ಬಿಯಿಂದ ತೆಗೆದು ಜೋಡಿಸಿದೆ. ದೊಡ್ಡ ಕಾರ್ಡ್ ಹಾಕಿ, ಪೆಟ್ಟಿಗೆ ಬದಲಿಸಿ, ಕ್ಯಾಬಿನೆಟ್ ಬದಲಿಸಿ ಎಂದು ಹೇಳುವವರಿಗೆ ಕೊನೆಯಿಲ್ಲ. ದುಂಡಪ್ಪನವರ ಲಾರಿಗೆ ಅಷ್ಟು ದೊಡ್ಡ ಎಂಜಿನ್ ಬೇಕಿರಲಿಲ್ಲ.

ಅಂಥ ಕಾರ್ಡು ಹೊಸದು ಕೊಳ್ಳುವ ಮಾತೇ ಇಲ್ಲ. ತಾಪಕೀರ್ ಗಲ್ಲಿಯಲ್ಲಿ ಹಳೆಯ ಭಾಗಗಳನ್ನು ಮಾರುವ ಸಲೀಂ ಭಾಯಿಯ ಹತ್ತಿರ ಹೋದೆ. ಸಲೀಂ ಭಾಯಿ ಸೋಲಾಪುರದವರು, ಕನ್ನಡ ಚೆನ್ನಾಗಿ ಬರುತ್ತದೆ. ಹದಿನೈದು ವರ್ಷದಿಂದ ನಾವಿಬ್ಬರೂ ವ್ಯಾಪಾರ, ಚೌಕಾಸಿ, ಮಕ್ಕಳ ಮದುವೆಯ ಸುದ್ದಿ, ಎಲ್ಲವನ್ನೂ ಕನ್ನಡದಲ್ಲೇ ಮಾತಾಡಿದವರು. ಗಲ್ಲಿಯ ಗದ್ದಲದ ನಡುವೆ ಅದು ನಮ್ಮ ಸ್ವಂತ ಕೋಣೆ ಇದ್ದಹಾಗೆ. ಅವರು ಒಂದು ಸಣ್ಣ ಕಾರ್ಡನ್ನು ತೆಗೆದು, ತಮ್ಮ ಮಷೀನಿಗೆ ಹಾಕಿ, ಅರ್ಧ ಗಂಟೆ ಓಡಿಸಿ ತೋರಿಸಿದರು.

"ಹಗಲು ರಾತ್ರಿ ದುಡಿಸಿದ್ದಲ್ಲ ಹೌದಲ್ರಿ?" ಎಂದೆ. ಕಂಪ್ಯೂಟರಿನಲ್ಲಿ ಡಿಜಿಟಲ್ ನಾಣ್ಯ ಗಳಿಸುವ ಹುಚ್ಚು ಇಳಿದ ಮೇಲೆ, ತಿಂಗಳುಗಟ್ಟಲೆ ಬಿಡುವಿಲ್ಲದೆ ದುಡಿದು ಸುಸ್ತಾದ ಕಾರ್ಡುಗಳು ಮಾರುಕಟ್ಟೆಗೆ ರಾಶಿರಾಶಿಯಾಗಿ ಬಂದಿದ್ದವು. ಅವು ಯಾವಾಗ ಕಣ್ಣು ಮುಚ್ಚುತ್ತವೋ ಹೇಳಲಾಗದು.

"ನಿಮಗ ಅಂಥಾದ್ದು ಎಂದಾರ ಕೊಟ್ಟೀನೇನ್ರಿ?" ಎಂದರು ಸಲೀಂ ಭಾಯಿ.

ಕಾರ್ಡ್ ತಂದ ಮರುದಿನವೇ ಖಂಡೇನವಮಿ, ಆಯುಧ ಪೂಜೆಯ ದಿನ. ಹಾಕಿಬಿಡುತ್ತಿದ್ದೆ, ದುಂಡಪ್ಪ ತಡೆದರು. ಬೆಳಿಗ್ಗೆಯೇ ಚೆಂಡುಹೂವಿನ ಮಾಲೆ, ತೆಂಗಿನಕಾಯಿ, ಅಕ್ಷತೆಯ ಪೊಟ್ಟಣ ಹಿಡಿದು ಅಂಗಡಿಗೆ ಬಂದರು. ಮೈಮೇಲೆ ಇಸ್ತ್ರಿ ಮಾಡಿದ ಹಳೆಯ ಖಾಕಿ ಅಂಗಿ.

"ಹೊಸಾ ಎಂಜಿನ್ ಕೂಡಿಸೂಮುಂದ ಪೂಜಿ ಮಾಡದ ಗಾಡಿ ರೋಡಿಗೆ ಬಿಡ್ತಾರೇನ್ರಿ? ಮೂರು ವರ್ಷ ಆತ್ರಿ ಅಕ್ಕಾರ, ಖಂಡೇನವಮಿಗೆ ನನ್ನದಂತ ಒಂದು ಗಾಡಿ ಇಲ್ಲಾರದ."

ಹೀಗೆ ಕೇಳಿದರೆ ಯಾರು ಇಲ್ಲವೆನ್ನುತ್ತಾರೆ? ಮೇಜಿನ ಮೇಲೆ ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿದ್ದೆ, ಮುಚ್ಚಳ ತೆಗೆದೇ ಇತ್ತು. ಪಕ್ಕದಲ್ಲಿ ಕಾರ್ಡು, ಸ್ಕ್ರೂ ಡ್ರೈವರುಗಳು, ಬ್ಲೋವರು. ಎಲ್ಲಕ್ಕೂ ನಾನೇ ಕುಂಕುಮ ಇಟ್ಟೆ. ದುಂಡಪ್ಪ ಕಾಯಿ ಒಡೆದರು. ಕೊನೆಗೆ ನಾನು, ಮನೆಯ ದೇವರ ಮುಂದೆ ಮಾಡುವಂತೆ, ಒಂದು ಹಿಡಿ ಅಕ್ಷತೆಯನ್ನು ಎಲ್ಲದರ ಮೇಲೆ ಸುರಿದು ಕೈಮುಗಿದೆ. ದುಂಡಪ್ಪನವರ ಒಂದು ಕಣ್ಣಲ್ಲಿ ನೀರು. ನನ್ನ ಎರಡರಲ್ಲೂ. ಆಮೇಲೆ ಕಣ್ಣಿಗೆ ಬಿದ್ದ ಕಾಳುಗಳನ್ನೆಲ್ಲ ಆರಿಸಿ, ಊದಿ, ಕಾರ್ಡ್ ಕೂಡಿಸಿ ಸ್ಕ್ರೂ ಬಿಗಿದು, ಗುಂಡಿ ಒತ್ತಿದೆ.

ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು.

ಕಾರ್ಡ್ ತೆಗೆದು, ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಹಾಕಿದೆ. ಕಪ್ಪು. ಕಾರ್ಡ್ ಇಲ್ಲದೆ ಮಷೀನಿನ ಸ್ವಂತ ಪೋರ್ಟಿಗೆ ಮಾನಿಟರ್ ಜೋಡಿಸಿದರೆ ಚಿತ್ರ ಬರುತ್ತಿತ್ತು. ಹಾಗಿದ್ದರೆ ಮಷೀನ್ ಸರಿ, ಕಾರ್ಡ್ ಸತ್ತಿದೆ. ಎಷ್ಟು ಸರಳ ಲೆಕ್ಕ! ಕೀಬೋರ್ಡಿನ ಮುಂದೆ ಕೂತಿದ್ದ ದುಂಡಪ್ಪ ಎದ್ದು, "ಇರ್ಲಿ ಬಿಡ್ರಿ ಅಕ್ಕಾರ, ಎಂಜಿನ್ ಕೆಲಸಾ ಅಂದ್ರ ಒಂದ ದಿನದಾಗ ಆಗೂದಲ್ಲ," ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು. ಬಾಗಿಲ ಮೆಟ್ಟಿಲು ಇಳಿಯುವಾಗ ಬಲಗಾಲಿನಿಂದ ತಡವಿ ತಡವಿ ಇಳಿದರು. ಮೊದಲ ದಿನ ಹಾಗೆ ಇಳಿದಿರಲಿಲ್ಲ. ಉಳಿದ ಆ ಒಂದು ಕಣ್ಣು ನನಗೋಸ್ಕರ ಕಾಯುವುದಿಲ್ಲ ಎಂದು ಆಗ ತಿಳಿಯಿತು, ಮೈಯೆಲ್ಲ ಉರಿದುಹೋಯಿತು.

ಮರುದಿನ ದಸರಾ. ಹೊಸದನ್ನು ಕೊಳ್ಳಲು ಒಳ್ಳೆಯ ದಿನವೆಂದು ತಾಪಕೀರ್ ಗಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲ. ಸಲೀಂ ಭಾಯಿಯ ಗಲ್ಲಾಪೆಟ್ಟಿಗೆಯ ಮುಂದೆ ಏಳೆಂಟು ಗಿರಾಕಿಗಳು. ಕಾರ್ಡನ್ನು ಅವರ ಮುಂದೆ ಕುಕ್ಕಿ, ಬಾಯಿಗೆ ಬಂದಂತೆ ಅಂದೆ. ಸುಸ್ತಾದ ಮಾಲನ್ನು ಒರೆಸಿ ಮಾರುತ್ತೀರಿ, ಒಂದು ಕಣ್ಣಿನ ಬಡವನಿಗೆ ಮೋಸ ಮಾಡಿದಿರಿ ಎಂದೆ. ಅದನ್ನೆಲ್ಲ ಮರಾಠಿಯಲ್ಲಿ ಅಂದೆ. ಹದಿನೈದು ವರ್ಷದಲ್ಲಿ ಅವರೊಡನೆ ಮರಾಠಿ ಆಡಿದ್ದು ಅದೇ ಮೊದಲು. ಸುತ್ತ ನಿಂತವರಿಗೆಲ್ಲ ತಿಳಿಯಲಿ ಎಂದೇ ಆಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಇಬ್ಬರು ಗಿರಾಕಿಗಳು ಮೆಲ್ಲನೆ ಪಕ್ಕದ ಅಂಗಡಿಗೆ ಸರಿದರು. ಸಲೀಂ ಭಾಯಿ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ, "ಹಾಕಿ ನೋಡೂಣ್ರಿ, ಒಂದ್ ನಿಮಿಷ," ಎಂದರು.

"ತುಮಚ್ಯಾ ಮಶೀನವರ್ ಸಗಳಂಚ್ ಚಾಲತಂ," ನಿಮ್ಮ ಮಷೀನಿನಲ್ಲಿ ಎಲ್ಲವೂ ಓಡುತ್ತದೆ ಬಿಡಿ, ಎಂದೆ.

ಅವರು ಹಿಂದಿನ ಕಪಾಟಿನಿಂದ ಅದೇ ಜಾತಿಯ ಇನ್ನೊಂದು ಕಾರ್ಡನ್ನು ತೆಗೆದು ಕೊಟ್ಟರು. ಕುಕ್ಕಿದ್ದನ್ನು ಒಳಗಿಟ್ಟುಕೊಂಡರು. ನಾನು ಗೆದ್ದವಳಂತೆ ರಿಕ್ಷಾ ಹತ್ತಿದೆ.

ಅಂಗಡಿಗೆ ಬಂದು ಎರಡನೆಯ ಕಾರ್ಡ್ ಹಾಕಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು.

ಕುರ್ಚಿಯ ಮೇಲೆ ಕುಸಿದು ಕೂತೆ. ಒಂದೇ ರೀತಿಯ ಎರಡು ಕಾರ್ಡುಗಳು ಒಂದೇ ರೀತಿ ಸಾಯುವುದಿಲ್ಲ. ಮೊದಲ ತಿಂಗಳು ಕೆಲಸಕ್ಕೆ ಸೇರಿದವರಿಗೂ ಗೊತ್ತಾಗುವ ಮಾತು. ಬ್ಯಾಟರಿ ಹಚ್ಚಿ, ಕನ್ನಡಕ ಏರಿಸಿ, ಸ್ಲಾಟಿನೊಳಗೆ ಇಣುಕಿದೆ. ಕೊಂಡಿ ಮುರಿದ ತುದಿಯಲ್ಲಿ, ಕಪ್ಪು ಸಂದಿನ ತಳದಲ್ಲಿ, ಅಡ್ಡ ಬಿದ್ದುಕೊಂಡಿತ್ತು ಒಂದು ಅಕ್ಕಿಕಾಳು. ಕುಂಕುಮ ಮೆತ್ತಿದ, ಕೆಂಪನೆಯ, ನನ್ನದೇ ಕೈಯ ಅಕ್ಷತೆ. ಕಾರ್ಡು ಆ ಬದಿಯಲ್ಲಿ ಒಂದು ಕೂದಲೆಳೆ ಎತ್ತರದಲ್ಲಿ ನಿಲ್ಲುತ್ತಿತ್ತು. ಕೊಂಡಿ ಇದ್ದಿದ್ದರೆ ಟಕ್ ಎಂಬ ಸದ್ದು ಬರಲಿಲ್ಲವಲ್ಲ ಎಂದು ತಿಳಿಯುತ್ತಿತ್ತು. ಕಾರ್ಡಿನ ಹಲ್ಲನ್ನು ತಿಕ್ಕಿದವಳು, ಅದು ಕೂರುವ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ.

ಚಿಮಟಿಗೆಯಿಂದ ಕಾಳು ತೆಗೆದೆ, ಬ್ರಷ್ಷಿನಿಂದ ಕುಂಕುಮ ಒರೆಸಿದೆ, ಕಾರ್ಡ್ ಒತ್ತಿದೆ. ಪರದೆ ಬೆಳಗಿತು. ನನಗೆ ಮಾತ್ರ ಕತ್ತಲೆ ಕವಿದಂತಾಯಿತು.

ಆ ರಾತ್ರಿ ಊಟ ಸೇರಲಿಲ್ಲ. ಗಂಡ, "ಫೋನ್ ಮಾಡಿ ತಪ್ಪಾತು ಅಂದುಬಿಡು," ಎಂದರು. ಫೋನಿನಲ್ಲಿ ಹೇಳುವುದು ಸುಲಭ, ಕನ್ನಡದಲ್ಲಿ ಹೇಳುವುದು ಅದಕ್ಕಿಂತ ಸುಲಭ. ಆದರೆ ಬೈದದ್ದು ಹತ್ತು ಜನರಿಗೆ ತಿಳಿಯುವ ಭಾಷೆಯಲ್ಲಿ. ಮರುದಿನ ತಾಪಕೀರ್ ಗಲ್ಲಿಗೆ ಹೋಗಿ, ಅವರ ಅಂಗಡಿಯ ಎದುರು, ಗಿರಾಕಿಗಳು ಸೇರುವ ಹೊತ್ತಿನವರೆಗೂ ಕಾದು ನಿಂತೆ. ಐದಾರು ಜನ ಸೇರಿದ ಮೇಲೆ ಗಲ್ಲೆಯ ಹತ್ತಿರ ಹೋಗಿ, ಗಟ್ಟಿ ದನಿಯಲ್ಲಿ, ಮರಾಠಿಯಲ್ಲಿ ಹೇಳಿದೆ: ಇವರ ಕಾರ್ಡು ಸರಿಯಿತ್ತು, ತಪ್ಪು ನನ್ನದು, ನನ್ನ ಕೈಯ ಅಕ್ಕಿಕಾಳು ಸ್ಲಾಟಿನಲ್ಲಿ ಸಿಕ್ಕಿತ್ತು, ಇವರ ಹತ್ತಿರ ಕಣ್ಣುಮುಚ್ಚಿ ಮಾಲು ಕೊಳ್ಳಿ. ದನಿ ನಡುವೆ ಎರಡು ಸಲ ಒಡೆಯಿತು. ಪಕ್ಕದ ಅಂಗಡಿಯವರೂ ಹೊರಗೆ ಬಂದು ನೋಡಿದರು. ಸೀರೆಯ ಸೆರಗಿನಲ್ಲಿ ಗಂಟು ಹಾಕಿ ತಂದಿದ್ದ ಬನ್ನಿ ಎಲೆಯನ್ನು ಗಲ್ಲೆಯ ಮೇಲಿಟ್ಟೆ. ದಸರಾ ದಿನ ಕೊಡಬೇಕಾದದ್ದು, ಒಂದು ದಿನ ತಡವಾಗಿತ್ತು.

ಸಲೀಂ ಭಾಯಿ ಎಲೆಯನ್ನು ತೆಗೆದುಕೊಂಡು ಜೇಬಿನಲ್ಲಿಟ್ಟರು. "ಅಕ್ಕಿಕಾಳು ಸುದ್ದಾ ತಂದೀರೇನ್ರಿ? ಅಂಗಡ್ಯಾಗ ಫೋಟೊ ಹಾಕಿ ಇಡತಿದ್ದೆ," ಎಂದರು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಕೂಡ್ರಿ, ಅಕ್ಕಾರ. ಚಹಾ ಹೇಳೀನಿ," ಎಂದರು. "ಭಾಳ ಮನಸಿಗೆ ಹತ್ತಿತ್ರಿ ನನಗ. ನೀವು ಬೈದಿದ್ದಕ್ಕಲ್ಲ. ನೀವು ಕನ್ನಡದಾಗ ಬೈದಿದ್ರ ನಾನೂ ತಿರುಗಿ ಬೈತಿದ್ದೆ, ಅಲ್ಲಿಗೇ ಮುಗೀತಿತ್ತು."

ನನ್ನ ಮೂವತ್ತೊಂದು ವರ್ಷದಲ್ಲಿ ಕುಡಿದ ಚಹಾಗಳಲ್ಲಿ ಆ ಚಹಾದ ರುಚಿ ಒಂದೇ ನೆನಪಿದೆ. ಹೊಸಬರಿಗೆ ನಾನು ಕೊಡಬಹುದಾದ ಬುದ್ಧಿಮಾತು ಏನಾದರೂ ಇದ್ದರೆ ಇದು: ಭಾಗ ಮಾರಿದವನ ಮೇಲೆ ಹಾರಿಬೀಳುವ ಮೊದಲು, ನಿಮ್ಮ ಕೈ ಎಲ್ಲೆಲ್ಲಿ ಆಡಿತ್ತೋ ಅಲ್ಲೆಲ್ಲ ಬ್ಯಾಟರಿ ಬಿಟ್ಟು ನೋಡಿ. ಪೂಜೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ, ಮುಚ್ಚಳ ಹಾಕಿ ಮಾಡಿ.

ಅದೇ ಸಂಜೆ ಮಷೀನನ್ನು ರಿಕ್ಷಾದಲ್ಲಿಟ್ಟುಕೊಂಡು ನಾನೇ ಚಂದನ ನಗರದ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ. ರೇಣುಕಾ ಹೊಲಿಗೆ ಯಂತ್ರದ ಮೇಜು ಖಾಲಿ ಮಾಡಿಕೊಟ್ಟಳು. ದುಂಡಪ್ಪ ಆಗಷ್ಟೇ ಮಾಲಿನಿಂದ ಬಂದಿದ್ದರು, ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ನಡೆದದ್ದನ್ನೆಲ್ಲ ಹೇಳಿ, "ತಪ್ಪು ನಂದರಿ, ನಿಮ್ಮ ಮೂರು ದಿನಾ ಹಾಳು ಮಾಡಿದೆ," ಎಂದೆ. ಅವರು, "ಎಂಜಿನ್ನಾಗ ಅಕ್ಕಿಕಾಳು!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಸೀಟಿ ತೆಗೆದು ಗೂಟಕ್ಕೆ ಹಾಕಿ, ಕೈತೊಳೆದುಕೊಂಡು ಬಂದು ಕೂತರು.

ಆಟ ತೆರೆಯಿತು. ಕೆಂಪು ಮೂತಿಯ ಲಾರಿ, ಹಿಂದೆ ತುಂಬಿದ ಸರಕು. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ತೋರಿಸುವ ಅಂಕಿಯನ್ನು ನಾನು ಮೂಲೆಯಲ್ಲಿ ಹಾಕಿಟ್ಟಿದ್ದೆ. ಅದು ಅವರ ಕಣ್ಣಿಗೆ ಅಡ್ಡ ಬಂದಿತೆಂದು ತೆಗೆಸಿದರು. ಹೊರಡುವ ಮೊದಲು ಎಡಗಡೆಯ ಕನ್ನಡಿ ನೋಡಿದರು, ಬಲಗಡೆಯದು ನೋಡಿದರು, ಇಂಡಿಕೇಟರ್ ಹಾಕಿದರು. ರಸ್ತೆ ಹರಿಯದೆ, ಕುಲುಕದೆ, ಒಂದೇ ಸಮನೆ ಬರತೊಡಗಿತು. ಅವರ ಎಡಗೈ ಆಗಾಗ ಕೀಬೋರ್ಡ್ ಬಿಟ್ಟು, ಕುರ್ಚಿಯ ಪಕ್ಕದಲ್ಲಿ ಇಲ್ಲದ ಗೇರನ್ನು ಹುಡುಕುತ್ತಿತ್ತು. ನಾನೂ ರೇಣುಕಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನ ಕಾರುಗಳು ದಾಟಿಕೊಂಡು ಹೋಗುತ್ತಿದ್ದವು. ದುಂಡಪ್ಪನವರಿಗೆ ಅವಸರವಿರಲಿಲ್ಲ.

ಗುಡ್ಡ ಹತ್ತಿದ ಮೇಲೆ, ಇಳಿಜಾರು ಶುರುವಾಗುವ ತಿರುವಿನಲ್ಲಿ, ಲಾರಿ ಎಡಕ್ಕೆ ಸರಿದು ನಿಂತುಬಿಟ್ಟಿತು.

ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟು, "ಹ್ಯಾಂಗ್ ಆತೇನ್ರಿ?" ಎಂದೆ.

"ಇಲ್ರಿ ಅಕ್ಕಾರ. ನಾನ ನಿಲ್ಲಿಸೀನಿ. ಮುಂದ ಪೂರಾ ಇಳಕಲ ಅದ, ಲೋಡ್ ಗಾಡಿ. ಬ್ರೇಕ್ ಕಾದಿರತಾವ, ತಣ್ಣಗಾಗಲಿ," ಎಂದು ಎಂಜಿನ್ ಬಂದ್ ಮಾಡಿದರು.

ಆ ಆಟದಲ್ಲಿ ಬ್ರೇಕು ಕಾಯುವುದೂ ಇಲ್ಲ, ತಣ್ಣಗಾಗುವುದೂ ಇಲ್ಲ. ಹೇಳೋಣವೆಂದು ಬಾಯಿ ತೆರೆದೆ. ದುಂಡಪ್ಪ ಕತ್ತು ಹೊರಳಿಸಿ, ಬಲಗಣ್ಣನ್ನು ಪರದೆಗೆ ಎದುರಾಗಿ ಹಿಡಿದು, ರಸ್ತೆಯ ಅಂಚನ್ನೇ ನೋಡುತ್ತಿದ್ದರು.

"ಹುಲ್ಲು ಅಳ್ಳಾಡಾಕತ್ತದ ನೋಡ್ರಿ," ಎಂದರು. "ಗಾಳಿ ಅದ ಅಲ್ಲಿ."

ರೇಣುಕಾ ಒಳಗಿನಿಂದ ಇನ್ನೊಂದು ಕುರ್ಚಿ ತಂದು ನನಗೆ ಹಾಕಿದಳು, ತಾನು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು. ಬ್ರೇಕು ತಣ್ಣಗಾಗುವವರೆಗೂ ನಾವು ಮೂವರೂ ಆ ಹುಲ್ಲನ್ನು ನೋಡುತ್ತ ಕೂತೆವು.